ಮಗಳು ಹೈಸ್ಕೂಲಿಗೆ ಹೊರಟಳು

ಮುಂಗಾರು ಮಳೆಯ ಜೊತೆಗೇ ಶಾಲೆಗಳೂ ಶುರುವಾಗುತ್ತವೆ. ಊರಿನ ಶಾಲೆಯಲ್ಲಿ 7ನೇ ತರಗತಿ ಮುಗಿಸಿದ ಮಕ್ಕಳು 8ನೇ ತರಗತಿಗೆ ಹೋಗಬೇಕು. ಕೆಲವು ಊರುಗಳಲ್ಲಿ 8ನೇ ತರಗತಿಯೂ ಇದೆ. ಅಲ್ಲಿನ ಮಕ್ಕಳು 9ಕ್ಕೆ ಹೋಗಬೇಕು. ಇದೇ ಹೈಸ್ಕೂಲು. ಪ್ರೌಢಶಾಲೆ ಅಂತಲೂ ಕರೆಯುತ್ತಾರೆ. 10ನೇ ತರಗತಿಯ ಕೊನೆಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ.

ಎಷ್ಟೋ ಊರುಗಳಲ್ಲಿ ಹೈಸ್ಕೂಲು ಇಲ್ಲ. ಪಕ್ಕದ ಊರಿಗೋ ಹೋಬಳಿಗೋ ಹೋಗಬೇಕು. ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುವುದು ಇಲ್ಲೇ. ಇದು ದಾಟಬೇಕಾದ ಹೊಳೆ ಇದ್ದ ಹಾಗೆ. ತಾಯಿ ಕೈ ಹಿಡಿದರೆ ಮಗಳು ದಾಟುತ್ತಾಳೆ.

ಏನು ಬದಲಾಗುತ್ತದೆ?

ಊರ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು ಎರಡು ಮೂರು ಪಾಠ ಹೇಳುತ್ತಿದ್ದರು. ಮಗು ಯಾರ ಮನೆಯದು ಅಂತ ಅವರಿಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ಹಾಗಲ್ಲ. ಗಣಿತಕ್ಕೆ ಒಬ್ಬರು, ವಿಜ್ಞಾನಕ್ಕೆ ಒಬ್ಬರು, ಇಂಗ್ಲಿಷಿಗೆ ಇನ್ನೊಬ್ಬರು. ಗಂಟೆ ಹೊಡೆದ ಹಾಗೆ ಮೇಷ್ಟ್ರು ಬದಲಾಗುತ್ತಾರೆ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಕಲಿಯಬೇಕು. ನಾಲ್ಕಾರು ಊರಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮುಖಪರಿಚಯ ಇರುವುದಿಲ್ಲ.

ಇದೇ ವಯಸ್ಸಿನಲ್ಲಿ ಮೈಯೂ ಬೆಳೆಯುತ್ತದೆ. ನಾಚಿಕೆ, ಸಿಟ್ಟು, ಅಳು ಬೇಗ ಬರುತ್ತವೆ. ಹೊಸ ಜಾಗ, ಹೊಸ ಜನ, ಹೊಸ ಪಾಠ, ಬೆಳೆಯುವ ಮೈ. ಎಲ್ಲವೂ ಒಂದೇ ಸಲ ಬರುತ್ತವೆ.

ಮಗಳು ಮಂಕಾದರೆ

"ಅವ್ವಾ, ನಂಗೆ ಹೈಸ್ಕೂಲು ಬ್ಯಾಡ. ನಿನ್ ಜೊತೆ ಕೆಲ್ಸಕ್ಕೆ ಬತ್ತೀನಿ" ಅಂತ ಮಗಳು ಹೇಳಬಹುದು. ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬರಬಹುದು. "ಇವಳ ತಲೆಗೆ ಹತ್ತಲ್ಲ" ಅಂತ ಆಗಲೇ ತೀರ್ಮಾನ ಮಾಡಬೇಡಿ. ಪೈರನ್ನು ಮಡಿಯಿಂದ ಕಿತ್ತು ಗದ್ದೆಗೆ ನೆಟ್ಟಾಗ ಏನಾಗುತ್ತದೆ? ನಾಲ್ಕು ದಿನ ಬಾಡುತ್ತದೆ. ಬೇರು ಹಿಡಿದ ಮೇಲೆ ಚೇತರಿಸಿಕೊಳ್ಳುತ್ತದೆ. ಬಾಡಿತು ಅಂತ ಯಾರೂ ಪೈರು ಕಿತ್ತು ಹಾಕುವುದಿಲ್ಲ.

ಬೈಯುವ ಬದಲು ಕೇಳಿ. "ಯಾವ ಪಾಠ ಕಷ್ಟ? ಯಾರಾದ್ರೂ ರೇಗಿಸ್ತಾರಾ? ಮಧ್ಯಾಹ್ನ ಉಂಡ್ಯಾ? ಯಾರ ಪಕ್ಕ ಕೂರ್ತೀಯಾ?" ಇಷ್ಟು ಕೇಳಿದರೆ ನಿಜವಾದ ಕಾರಣ ಹೊರಗೆ ಬರುತ್ತದೆ. ಆಮೇಲೆ ಶಾಲೆಗೆ ಹೋಗಿ ಮೇಷ್ಟ್ರ ಹತ್ತಿರ ಮಾತಾಡಿ.

ದೂರದ ದಾರಿ

ಒಬ್ಬಳೇ ಕಳಿಸಲು ಭಯ ಆಗುವುದು ಸಹಜ. ನಿಮ್ಮ ಕೇರಿಯಿಂದ ಇನ್ನಾರು ಹೋಗುತ್ತಾರೆ ವಿಚಾರಿಸಿ. ನಾಲ್ಕು ಹುಡುಗಿಯರು ಕೂಡಿ ಹೋಗಿ, ಕೂಡಿ ಬರಲಿ. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡು ಜೊತೆಯಲ್ಲಿರಲಿ. ಶಾಲೆಯ ಹೊತ್ತಿಗೆ ಬಸ್ಸೇ ಇಲ್ಲವೇ? ಹೆಂಗಸರೆಲ್ಲ ಸೇರಿ ಗ್ರಾಮಸಭೆಯಲ್ಲಿ ಕೇಳಿ. ಡಿಪೋಗೆ ಅರ್ಜಿ ಕೊಡಿ. ಬಹಳ ದೂರವಾದರೆ ಸರ್ಕಾರದ ಹೆಣ್ಣುಮಕ್ಕಳ ಹಾಸ್ಟೆಲ್ ಎಲ್ಲಿದೆ ಅಂತ ವಿಚಾರಿಸಿ.

ಸರ್ಕಾರಿ ಹೈಸ್ಕೂಲಿನಲ್ಲಿ ಪಠ್ಯಪುಸ್ತಕಕ್ಕೆ ದುಡ್ಡು ಕೊಡಬೇಕಿಲ್ಲ. 10ನೇ ತರಗತಿಯವರೆಗೆ ಮಧ್ಯಾಹ್ನದ ಊಟವೂ ಇದೆ.

ಮುಟ್ಟಿನ ದಿನಗಳು

ಎಷ್ಟೋ ಹುಡುಗಿಯರು ಮುಟ್ಟಾದಾಗ ಶಾಲೆ ಬಿಡುತ್ತಾರೆ. ಮೈನೆರೆಯುವ ಮೊದಲೇ ಮಗಳಿಗೆ ವಿಷಯ ಹೇಳಿ. ಇಲ್ಲದಿದ್ದರೆ ಹೆದರುತ್ತಾಳೆ. ಒಂದು ಪ್ಯಾಡು ಅಥವಾ ಶುಭ್ರವಾದ ಬಟ್ಟೆ ಚೀಲದಲ್ಲಿಡಲಿ. ಬಟ್ಟೆ ಬಳಸಿದರೆ ಸೋಪು ಹಾಕಿ ಒಗೆದು ಬಿಸಿಲಿಗೆ ಒಣಗಿಸಬೇಕು. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅದು ರಕ್ತ ಕಡಿಮೆಯಾಗದಿರಲಿ ಅಂತ. ಊಟ ಆದ ಮೇಲೆ ನುಂಗಲಿ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಿದ್ದರೆ ತಾಯಂದಿರು ಸುಮ್ಮನಿರಬಾರದು. ಹೆಡ್ ಮೇಷ್ಟ್ರನ್ನು ಕೇಳಬೇಕು.

ಮದುವೆಯ ಮಾತು

"ದೊಡ್ಡೋಳಾದ್ಲು, ಇನ್ಯಾಕೆ ಓದು?" ಅನ್ನುವವರು ಇರುತ್ತಾರೆ. 18 ವರ್ಷ ತುಂಬದೆ ಹುಡುಗಿಗೆ ಮದುವೆ ಮಾಡುವುದು ಅಪರಾಧ. 2006ರ ಕಾಯಿದೆಯಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಂತ ಇದೆ. ಯಾರಾದರೂ ಬಲವಂತ ಮಾಡಿದರೆ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಅಂತಲೂ 2009ರಲ್ಲಿ ಕಾಯಿದೆ ಆಗಿದೆ.

ನಿಮ್ಮ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ

ನೀವು ಈಗ ಓದು ಬರಹ ಕಲಿತಿದ್ದೀರಿ. ಅದನ್ನು ಮಗಳಿಗಾಗಿ ಬಳಸಿ.

1. ಹಳೇ ಶಾಲೆಯಿಂದ ಟಿ.ಸಿ. ತನ್ನಿ. ಹೆಸರು, ಹುಟ್ಟಿದ ತಾರೀಖು ಸರಿ ಇದೆಯೇ ಓದಿ ನೋಡಿ. ತಪ್ಪಿದ್ದರೆ ಈಗಲೇ ಸರಿ ಮಾಡಿಸಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಬರುವ ತಾರೀಖು ಮುಂದೆ ಎಲ್ಲಾ ಕಡೆ ಬೇಕಾಗುತ್ತದೆ.

2. ಟಿ.ಸಿ. ತಡವಾಯಿತು ಅಂತ ಸರ್ಕಾರಿ ಶಾಲೆಯವರು 8ನೇ ತರಗತಿಗೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ.

3. ಜಾತಿ ಮತ್ತು ಆದಾಯದ ಪತ್ರವನ್ನು ನಾಡಕಚೇರಿಯಿಂದ ಮಾಡಿಸಿಡಿ. ವಿದ್ಯಾರ್ಥಿ ವೇತನಕ್ಕೆ, ಹಾಸ್ಟೆಲ್ಲಿಗೆ ಬೇಕು.

4. ಮಗಳ ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿ. ನಾಳೆ ಯಾವ ಪಾಠ ಅಂತ ನೀವೇ ಓದಿ ಹೇಳಿ.

5. ಅಂಕಪಟ್ಟಿಗೆ ಹೆಬ್ಬೆಟ್ಟು ಒತ್ತಬೇಡಿ. ಓದಿ, ಸಹಿ ಮಾಡಿ.

6. ಸಂಜೆ ಒಂದು ಗಂಟೆ ಮಗಳಿಗೆ ಮನೆಗೆಲಸ ಹೇಳಬೇಡಿ. ಆ ಹೊತ್ತಿನಲ್ಲಿ ಪಾತ್ರೆ, ನೀರಿನ ಕೆಲಸವನ್ನು ಮಗನೂ ಮಾಡಲಿ. ನೀವೂ ಪುಸ್ತಕ ಹಿಡಿದು ಅವಳ ಪಕ್ಕ ಕೂರಿ.

ಮಾತಾಡೋಣ

ನಮ್ಮೂರಿನಲ್ಲಿ 7ನೇ ತರಗತಿ ಮುಗಿಸಿದ ಹುಡುಗಿಯರು ಎಷ್ಟು ಮಂದಿ? ಅವರಲ್ಲಿ ಹೈಸ್ಕೂಲಿಗೆ ಹೋಗುತ್ತಿರುವವರು ಎಷ್ಟು? ಮನೆಯಲ್ಲಿ ಉಳಿದವರು ಯಾರು? ಅವರ ತಾಯಂದಿರ ಹತ್ತಿರ ಮಾತಾಡಲು ನಮ್ಮಲ್ಲಿ ಯಾರು ಹೋಗುತ್ತೀರಿ?