ವಿಳಾಸವಿಲ್ಲದ ಹುಡುಗಿಯರಿಗೊಂದು ದಳ

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಲಾಂಗ್ ಐಲೆಂಡ್ ಸಿಟಿ ಎಂಬ ಬಡಾವಣೆಯಿದೆ. ಅಲ್ಲಿನ ಸ್ಲೀಪ್ ಇನ್ ಹೋಟೆಲಿನ ಕೋಣೆಗಳನ್ನು ನಗರಾಡಳಿತ ಮನೆ ಕಳೆದುಕೊಂಡ ಕುಟುಂಬಗಳಿಗೆ ತಾತ್ಕಾಲಿಕ ನೆಲೆಯಾಗಿ ಕೊಟ್ಟಿತ್ತು. 2017ರ ಫೆಬ್ರುವರಿಯಲ್ಲಿ ಆ ಹೋಟೆಲಿನಲ್ಲೇ ಎಂಟು ಹುಡುಗಿಯರು ಸಭೆ ಸೇರಿದರು. ಎಂಟರಲ್ಲಿ ಮೂವರು, ಸಭೆ ಕರೆದ ತಾಯಿಯ ಮಕ್ಕಳೇ. ಇಂದು ಅಮೆರಿಕದುದ್ದಕ್ಕೂ ಹೆಸರಾಗಿರುವ ಗರ್ಲ್ ಸ್ಕೌಟ್ಸ್ ಎಂಬ ಬಾಲಕಿಯರ ಸಂಸ್ಥೆಯ ‘ಟ್ರೂಪ್ 6000’ ದಳ ಶುರುವಾದದ್ದು ಹಾಗೆ.

ಆ ತಾಯಿಯ ಹೆಸರು ಜಿಸೆಲ್ ಬರ್ಜೆಸ್. ಐದು ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದರು. ನ್ಯೂಯಾರ್ಕಿನ ಗರ್ಲ್ ಸ್ಕೌಟ್ಸ್ ಸಂಸ್ಥೆಯಲ್ಲೇ ಅವರಿಗೆ ಕೆಲಸವೂ ಇತ್ತು. ಫ್ಲಶಿಂಗ್‌ನಲ್ಲಿ ಅವರು ಬಾಡಿಗೆಗಿದ್ದ ಮನೆ ಬಿಲ್ಡರುಗಳ ಪಾಲಾಯಿತು. ಕೈಗೆಟುಕುವ ಬಾಡಿಗೆಗೆ ಇನ್ನೊಂದು ಮನೆ ಸಿಗಲಿಲ್ಲ. ಆರು ಜನರ ಸಂಸಾರ ಹೋಟೆಲಿನ ಒಂದೇ ಕೋಣೆಗೆ ಬಂತು. ದುಡಿಯುವ ಕೈಗೆ ಕೆಲಸವಿದ್ದೂ ತಲೆಯ ಮೇಲೆ ಸೂರಿಲ್ಲದ ಸ್ಥಿತಿ ನ್ಯೂಯಾರ್ಕಿನಲ್ಲಿ ಅಪರೂಪವೇನಲ್ಲ. ಆ ಹೊತ್ತಿಗೆ ಅಲ್ಲಿನ ಶೆಲ್ಟರುಗಳಲ್ಲಿ ಸುಮಾರು 60,000 ಜನರಿದ್ದರು. ಅವರಲ್ಲಿ 20,000ಕ್ಕೂ ಹೆಚ್ಚು ಮಂದಿ ಮಕ್ಕಳು. ಆಶ್ರಯ ಕೇಳಿದವರಿಗೆ ಇಲ್ಲವೆನ್ನಬಾರದು ಎಂಬ ಹೊಣೆ ಆ ನಗರದ ಮೇಲಿದೆ. 1981ರಲ್ಲಿ ನ್ಯಾಯಾಲಯದಲ್ಲಿ ಆದ ಒಪ್ಪಂದದಿಂದ ಮೊದಲುಗೊಂಡು, ಆಮೇಲಿನ ಮೊಕದ್ದಮೆಗಳಿಂದ ಕುಟುಂಬಗಳಿಗೂ ಹಬ್ಬಿದ ಹಕ್ಕು ಅದು. ಶೆಲ್ಟರುಗಳು ಸಾಲದೆ ಬಂದಾಗ ನಗರ ಹೋಟೆಲುಗಳನ್ನು ಹಿಡಿಯುತ್ತದೆ.

ಹೋಟೆಲಿನ ಕೋಣೆ ಮಲಗುವುದಕ್ಕೆ ಸರಿ, ಬದುಕುವುದಕ್ಕಲ್ಲ. ಅಡುಗೆ ಮನೆಯಿಲ್ಲ. ಗೆಳತಿಯನ್ನು ಕೋಣೆಗೆ ಕರೆಯುವಂತಿಲ್ಲ. ನಾಳೆ ಬೇರೆ ಬಡಾವಣೆಯ ಬೇರೆ ಶೆಲ್ಟರಿಗೆ ಹೋಗಿ ಎಂದರೆ ಹೋಗಬೇಕು, ಶಾಲೆಯೂ ಬದಲಾದೀತು. ಹತ್ತು ಹನ್ನೆರಡು ವರ್ಷದ ಹುಡುಗಿ ಇಂಥ ಕಡೆ ಮೊದಲು ಕಳೆದುಕೊಳ್ಳುವುದು ತನ್ನ ಓರಗೆಯವರ ಗುಂಪನ್ನು. ತಾನೆಲ್ಲಿದ್ದೇನೆ ಎಂದು ತರಗತಿಯಲ್ಲಿ ಹೇಳಿಕೊಳ್ಳಲಾರಳು. ಅದೇ ಹೋಟೆಲಿನ ಪಕ್ಕದ ಕೋಣೆಯಲ್ಲಿ ತನ್ನ ವಯಸ್ಸಿನವಳೇ ಇನ್ನೊಬ್ಬಳಿದ್ದರೂ ಇಬ್ಬರೂ ಲಿಫ್ಟಿನಲ್ಲಿ ತಲೆ ತಗ್ಗಿಸಿಕೊಂಡು ನಿಲ್ಲುತ್ತಾರೆ. ಬರ್ಜೆಸ್ ಗುರುತಿಸಿದ ಕೊರತೆ ಇದು. ಊಟ, ಹಾಸಿಗೆ, ಔಷಧಿಗೆ ಸರ್ಕಾರದ ಲೆಕ್ಕದಲ್ಲಿ ಬಾಬ್ತುಗಳಿವೆ. ಒಂದು ಗುಂಪಿಗೆ ಸೇರಿದವಳೆಂಬ ಭಾವನೆಗೆ ಬಾಬ್ತಿಲ್ಲ. ತಮ್ಮ ಕಚೇರಿಯ ಕೆಲಸವನ್ನೇ ತಾವಿರುವ ಕಡೆಗೆ ತಂದರೆ ಹೇಗೆ ಎಂದು ಅವರು ಕೇಳಿದರು. ಸಂಸ್ಥೆ ಒಪ್ಪಿತು.

ದಳದ ಸಂಖ್ಯೆಯಲ್ಲೂ ಒಂದು ಎಚ್ಚರವಿದೆ. ನ್ಯೂಯಾರ್ಕಿನ ಐದು ವಿಭಾಗಗಳ ಯಾವ ದಳಕ್ಕೂ ಆರು ಸಾವಿರದ ಸಾಲಿನ ಸಂಖ್ಯೆ ಇರಲಿಲ್ಲ. ಹಾಗಾಗಿ 6000 ಯಾವೊಂದು ಬಡಾವಣೆಗೂ ಅಂಟಿಕೊಂಡದ್ದಲ್ಲ. ಕ್ವೀನ್ಸಿನಿಂದ ಬ್ರಾಂಕ್ಸಿಗೆ ಎತ್ತಂಗಡಿಯಾದ ಹುಡುಗಿ ಅಲ್ಲಿನ ಶೆಲ್ಟರಿನಲ್ಲಿ ಅದೇ ದಳದ ಇನ್ನೊಂದು ಶಾಖೆ ಸೇರುತ್ತಾಳೆ; ಸಂಖ್ಯೆ, ಬ್ಯಾಡ್ಜು, ಸದಸ್ಯತ್ವ ಎಲ್ಲವೂ ಅವಳ ಜೊತೆಯಲ್ಲೇ ಬರುತ್ತವೆ.

2017ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವರದಿಗಾರ್ತಿ ನಿಕಿತಾ ಸ್ಟುವರ್ಟ್ ಈ ದಳದ ಬಗ್ಗೆ ಬರೆದರು. (ಮುಂದೆ 2020ರಲ್ಲಿ ಅವರು ಒಂದು ಪುಸ್ತಕವನ್ನೇ ಬರೆದರು.) ದೇಶದ ಮೂಲೆಮೂಲೆಯಿಂದ ದೇಣಿಗೆ ಬಂತು. ಅದೇ ಬೇಸಿಗೆಯಲ್ಲಿ ನಗರಾಡಳಿತ ಹತ್ತು ಲಕ್ಷ ಡಾಲರಿಗೂ ಮೀರಿದ ನೆರವು ಪ್ರಕಟಿಸಿ, ಇನ್ನಷ್ಟು ಶೆಲ್ಟರುಗಳಿಗೆ ದಳವನ್ನು ವಿಸ್ತರಿಸಲು ಮುಂದಾಯಿತು. ವರ್ಷದ ಶುಲ್ಕ, ಬ್ಯಾಡ್ಜು ಹೊಲಿಯುವ ಮೇಲಂಗಿ, ಪುಸ್ತಕ, ಪ್ರವಾಸದ ಖರ್ಚು, ಯಾವುದನ್ನೂ ತಾಯಂದಿರು ಭರಿಸಬೇಕಾಗಿಲ್ಲ.

ಇಲ್ಲಿಯವರೆಗೆ ಇದು ದಾನದ ಕಥೆ. ಆದರೆ ಗರ್ಲ್ ಸ್ಕೌಟ್ಸ್‌ನಲ್ಲಿ ದಾನದಷ್ಟೇ ಹಳೆಯದಾದ ಇನ್ನೊಂದು ಸಂಪ್ರದಾಯವಿದೆ: ಬಿಸ್ಕತ್ತು ಮಾರಿ ತಮ್ಮ ಖರ್ಚು ತಾವೇ ಹುಟ್ಟಿಸಿಕೊಳ್ಳುವುದು. 1917ರಲ್ಲಿ ಒಕ್ಲಹೋಮಾದ ಮಸ್ಕೋಗಿಯ ಒಂದು ದಳದ ಹುಡುಗಿಯರು ಮನೆಯಲ್ಲಿ ಬೇಯಿಸಿದ ಕುಕ್ಕಿಗಳನ್ನು ಶಾಲೆಯ ಕ್ಯಾಂಟೀನಿನಲ್ಲಿ ಮಾರಿದರು. 1922ರಲ್ಲಿ ಸಂಸ್ಥೆಯ ಪತ್ರಿಕೆ ಷಿಕಾಗೋದ ಫ್ಲಾರೆನ್ಸ್ ನೀಲ್ ಬರೆದ ಪಾಕವಿಧಾನವನ್ನು ಅಚ್ಚು ಹಾಕಿತು. ಆರೇಳು ಡಜನ್ ಕುಕ್ಕಿಗೆ ಸಾಮಾನಿನ ಖರ್ಚು 26ರಿಂದ 36 ಸೆಂಟ್. ಮಾರುವ ಬೆಲೆ ಡಜನ್ನಿಗೆ 25ರಿಂದ 30 ಸೆಂಟ್. ಹದಿಮೂರರ ಹುಡುಗಿಗೂ ಲಾಭ ಎಷ್ಟೆಂದು ತಿಳಿಯುವ ಲೆಕ್ಕ. 1930ರ ದಶಕದಲ್ಲಿ ಬೇಕರಿಗಳಿಗೆ ಗುತ್ತಿಗೆ ಕೊಟ್ಟು ಪೆಟ್ಟಿಗೆಗಳಲ್ಲಿ ಮಾರುವುದು ಶುರುವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆ, ಹಿಟ್ಟು, ಬೆಣ್ಣೆಗೆ ಕೊರತೆ ಬಂದಾಗ ಬಿಸ್ಕತ್ತಿನ ಬದಲು ಕ್ಯಾಲೆಂಡರ್ ಮಾರಿದ್ದೂ ಉಂಟು. ಈಗ ವರ್ಷಕ್ಕೆ ಸುಮಾರು 20 ಕೋಟಿ ಪೆಟ್ಟಿಗೆಗಳು ಖರ್ಚಾಗುತ್ತವೆ. ಖರ್ಚು ಕಳೆದು ಉಳಿದ ಹಣ ಆಯಾ ಪ್ರಾಂತ್ಯದ ಸಂಸ್ಥೆಯಲ್ಲಿ ಮತ್ತು ದಳದಲ್ಲೇ ಉಳಿಯುತ್ತದೆ. ಅದನ್ನು ಯಾವುದಕ್ಕೆ ಬಳಸಬೇಕೆಂದು ದಳದ ಹುಡುಗಿಯರೇ ಕೂತು ತೀರ್ಮಾನಿಸುತ್ತಾರೆ.

ಈ ಪದ್ಧತಿಯಲ್ಲೊಂದು ತಾರತಮ್ಯವಿದೆ, ಅದನ್ನು ಹೇಳದೆ ಬಿಡಬಾರದು. ಹೆಚ್ಚು ಪೆಟ್ಟಿಗೆ ಮಾರುವವಳು ಸಾಮಾನ್ಯವಾಗಿ ಹೆಚ್ಚು ನಂಟಿರುವವಳು. ಅಪ್ಪ ಆಫೀಸಿನಲ್ಲಿ ಪಟ್ಟಿ ತಿರುಗಿಸುತ್ತಾನೆ, ಅಜ್ಜಿ ತನ್ನ ಬೀದಿಯವರಿಗೆಲ್ಲ ಹೇಳುತ್ತಾಳೆ, ನೆರೆಮನೆಯವರು ಹತ್ತು ಪೆಟ್ಟಿಗೆ ಬರೆಸುತ್ತಾರೆ. ಶೆಲ್ಟರಿನ ಹುಡುಗಿಗೆ ನೆರೆಮನೆಯೆಂಬುದೇ ಇಲ್ಲ. ಬೇರೆ ಹುಡುಗಿಯರು ಬಾಗಿಲಿಂದ ಬಾಗಿಲಿಗೆ ಹೋಗುವಾಗ ಇವಳು ಯಾವ ಬಾಗಿಲು ತಟ್ಟಬೇಕು? 2018ರ ವಸಂತದಲ್ಲಿ ಇದಕ್ಕೊಂದು ದಾರಿ ಸಿಕ್ಕಿತು. ಮ್ಯಾನ್‌ಹಟನ್ನಿನ ಯೂನಿಯನ್ ಸ್ಕ್ವೇರ್‌ನಲ್ಲಿದ್ದ ಕೆಲಾಗ್ಸ್ ಕೆಫೆ ಜಾಗ ಕೊಟ್ಟಿತು. ಟ್ರೂಪ್ 6000 ತನ್ನ ಮೊದಲ ಸಾರ್ವಜನಿಕ ಮಾರಾಟಕ್ಕೆ ಮೇಜು ಹಾಕಿತು. ಗುರಿ ಇಟ್ಟುಕೊಂಡದ್ದು 6,000 ಪೆಟ್ಟಿಗೆ. ಜನ ಸಾಲುಗಟ್ಟಿ ನಿಂತರು. ಕೊನೆಗೆ ಲೆಕ್ಕ ಹಾಕಿದಾಗ 32,000ಕ್ಕೂ ಹೆಚ್ಚು ಪೆಟ್ಟಿಗೆ ಮಾರಾಟವಾಗಿದ್ದವು.

ನನಗೆ ಈ ಸಂಖ್ಯೆಗಿಂತ ಮುಖ್ಯವಾಗಿ ಕಾಣುವುದು ಮೇಜಿನ ಯಾವ ಬದಿಯಲ್ಲಿ ಯಾರಿದ್ದರು ಎಂಬುದು. ಶೆಲ್ಟರಿನ ಮಗು ಬೆಳಗಾದರೆ ಸಾಲಿನಲ್ಲಿ ನಿಂತು ಪಡೆಯುವ ಮಗು. ಅಂದು ಊರಿನವರು ಸಾಲಿನಲ್ಲಿ ನಿಂತಿದ್ದರು, ಅವಳು ಕೊಡುವ ಜಾಗದಲ್ಲಿದ್ದಳು. ಕೊಂಡವನಿಗೆ ಬಿಸ್ಕತ್ತು ಸಿಕ್ಕಿತು. ಯಾರೂ ಯಾರಿಗೂ ಋಣಿಯಾಗಲಿಲ್ಲ. ಸಹಾಯ ಮಾಡುವವರು ಎಷ್ಟೇ ಒಳ್ಳೆಯವರಿದ್ದರೂ ಸಹಾಯ ಪಡೆಯುವವರ ಬೆನ್ನು ಸ್ವಲ್ಪ ಬಾಗುತ್ತದೆ. ಹಾಗೆ ಬಾಗದಂತೆ ನೆರವಾಗುವುದು ಕಷ್ಟದ ಕೆಲಸ, ಮತ್ತು ಈ ದಳ ಅದನ್ನು ಸಾಧಿಸಿದೆ ಎಂದೇ ನನ್ನ ನಂಬಿಕೆ.

ಇನ್ನು ಬೇಸಿಗೆ ಶಿಬಿರ. ನ್ಯೂಯಾರ್ಕಿನ ಶಾಲೆಗಳಿಗೆ ಜೂನ್ ಕೊನೆಯಿಂದ ಎರಡು ತಿಂಗಳಿಗೂ ಹೆಚ್ಚು ರಜೆ. ಕಾಡಿನ ನಡುವೆ, ಕೆರೆಯ ದಂಡೆಯಲ್ಲಿ ಡೇರೆ ಹಾಕಿ ಒಂದೆರಡು ವಾರ ಇದ್ದು ಬರುವುದು ಅಲ್ಲಿ ನೂರು ವರ್ಷಕ್ಕೂ ಹಳೆಯ ರೂಢಿ. ಡಚೆಸ್ ಕೌಂಟಿಯಲ್ಲಿ ನ್ಯೂಯಾರ್ಕಿನ ಸಂಸ್ಥೆಗೆ ಸೇರಿದ ಕ್ಯಾಂಪ್ ಕಾಫ್‌ಮನ್ ಇದೆ. ಟ್ರೂಪ್ 6000ರ ಹುಡುಗಿಯರೂ ಶಿಬಿರಕ್ಕೆ ಹೋಗುತ್ತಾರೆ, ಖರ್ಚೆಲ್ಲ ದೇಣಿಗೆಯದು.

ಶಿಬಿರದ ಶುಲ್ಕ ಮನ್ನಾ ಮಾಡಿದರೆ ಆಯಿತಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಯಾವ ಶಿಬಿರವಾದರೂ ಹೊರಡುವ ಮೊದಲು ಒಂದು ಸಾಮಾನಿನ ಪಟ್ಟಿ ಕಳಿಸುತ್ತದೆ: ಮಲಗುವ ಚೀಲ, ಟಾರ್ಚು, ಮಳೆಯಂಗಿ, ಈಜುವ ಬಟ್ಟೆ, ಕೆಸರಿಗೆ ತಡೆಯುವ ಷೂ, ಸೊಳ್ಳೆಯ ಮುಲಾಮು, ಇಷ್ಟು ಜೊತೆ ಕಾಲುಚೀಲ. ಅನುಕೂಲಸ್ಥರ ಮನೆಯಲ್ಲಿ ಇವೆಲ್ಲ ಅಟ್ಟದ ಮೇಲೆ ಮೊದಲೇ ಇರುತ್ತವೆ. ಒಂದೇ ಕೋಣೆಯಲ್ಲಿ ಚೀಲಗಳ ನಡುವೆ ಮಲಗುವ ಕುಟುಂಬ ಈ ಪಟ್ಟಿ ಓದಿದ ಕೂಡಲೇ ‘ಇದು ನಮಗಲ್ಲ’ ಎಂದು ಮಡಚಿಡುತ್ತದೆ. ಬಡತನ ಮಕ್ಕಳನ್ನು ಹಿಂದಕ್ಕೆಳೆಯುವುದು ಹೀಗೆ, ಸಣ್ಣಪುಟ್ಟ ಸಾಮಾನುಗಳ ಹೆಸರಿನಲ್ಲಿ. ಅದಕ್ಕೇ ಶಿಬಿರಕ್ಕೆ ಕೊಡುವ ದೇಣಿಗೆಯಲ್ಲಿ ಟಾರ್ಚಿಗೂ ಕಾಲುಚೀಲಕ್ಕೂ ಇರುವ ಬೆಲೆ ದೊಡ್ಡದು.

ಅಲ್ಲಿ ಹೋದ ಮೇಲೆ ಮಾಡುವುದೇನು? ಈಜು, ದೋಣಿ, ಬಿಲ್ಲುವಿದ್ಯೆ, ಚಾರಣ. ಪಾಳಿಯ ಪ್ರಕಾರ ಪಾತ್ರೆ ತೊಳೆಯುವುದು, ಶೌಚಾಲಯ ಶುಚಿ ಮಾಡುವುದು. ಇದರಿಂದ ಯಾರಿಗೂ ವಿನಾಯಿತಿಯಿಲ್ಲ. ರಾತ್ರಿ ಶಿಬಿರಾಗ್ನಿಯ ಸುತ್ತ ಹಾಡು. ಮಾರ್ಷ್‌ಮೆಲೋ ಸಿಹಿಯನ್ನು ಕೆಂಡದ ಮೇಲೆ ಸುಟ್ಟು ಬಿಸ್ಕತ್ತು, ಚಾಕಲೇಟಿನ ನಡುವೆ ಒತ್ತಿ ತಿನ್ನುವ ‘ಸ್ಮೋರ್’ ಅಮೆರಿಕದ ಎಲ್ಲ ಮಕ್ಕಳಿಗೂ ಗೊತ್ತು. ಅದರ ಪಾಕವಿಧಾನ 1927ರಲ್ಲಿ ಅಚ್ಚಾದದ್ದು ಗರ್ಲ್ ಸ್ಕೌಟ್ಸ್‌ನ ಕೈಪಿಡಿಯಲ್ಲೇ. ಶಿಬಿರದಲ್ಲಿ ಎಲ್ಲರೂ ಒಟ್ಟಿಗೇ ಮಲಗುತ್ತಾರೆ. ಮನೆಯಿದ್ದವಳೂ ಇಲ್ಲದವಳೂ ಅಷ್ಟು ದಿನ ಒಂದೇ ಬಗೆಯ ಸೂರಿನ ಕೆಳಗಿರುತ್ತಾರೆ.

ಹೀಗೆ ನೆರವು ಮತ್ತು ದುಡಿಮೆ ಎರಡನ್ನೂ ಜೋಡಿಸುವ ಬುದ್ಧಿ ಈ ಸಂಸ್ಥೆಗೆ ಹುಟ್ಟಿನಿಂದಲೇ ಬಂದದ್ದು. ಸ್ಥಾಪಕಿ ಜೂಲಿಯೆಟ್ ಗಾರ್ಡನ್ ಲೋ ಜಾರ್ಜಿಯಾ ರಾಜ್ಯದ ಸವಾನಾದವರು. 1911ರಲ್ಲಿ ಅವರು ಸ್ಕಾಟ್ಲೆಂಡಿನ ಗ್ಲೆನ್ ಲಯಾನ್ ಕಣಿವೆಯಲ್ಲಿ ಏಳು ಬಡ ಹುಡುಗಿಯರ ದಳ ಕಟ್ಟಿದ್ದರು. ಕೂಲಿಗಾಗಿ ಪಟ್ಟಣಕ್ಕೆ ಗುಳೆ ಹೋಗುವುದು ತಪ್ಪಲಿ ಎಂದು ಅವರಿಗೆ ಉಣ್ಣೆ ನೂಲುವುದನ್ನೂ ಕೋಳಿ ಸಾಕುವುದನ್ನೂ ಕಲಿಸಿ, ನೂಲಿಗೆ ಲಂಡನ್ನಿನಲ್ಲಿ ಗಿರಾಕಿ ಹುಡುಕಿಕೊಟ್ಟರು. 1912ರ ಮಾರ್ಚ್ 12ರಂದು ಸವಾನಾದಲ್ಲಿ 18 ಹುಡುಗಿಯರೊಂದಿಗೆ ಅಮೆರಿಕದ ಮೊದಲ ದಳ ಆರಂಭವಾಯಿತು. ಸಂಸ್ಥೆಗೆ ಹಣ ಸಾಲದಾದಾಗ ತಮ್ಮ ಮುತ್ತಿನ ಹಾರವನ್ನೇ ಮಾರಿದರು.

ಎಲ್ಲ ಹುಡುಗಿಯರಿಗೂ ಬಾಗಿಲು ಒಂದೇ ಸಲ ತೆರೆಯಲಿಲ್ಲ ಎಂಬುದೂ ಈ ಚರಿತ್ರೆಯ ಭಾಗ. ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಜೋಸೆಫಿನ್ ಹಾಲೋವೇ ಎಂಬ ಕಪ್ಪು ಮಹಿಳೆ ಕಪ್ಪು ಹುಡುಗಿಯರ ದಳಕ್ಕೆ ಮಾನ್ಯತೆ ಕೇಳಿದಾಗ ಸ್ಥಳೀಯ ಸಂಸ್ಥೆ ನಿರಾಕರಿಸಿತು. ಮಾನ್ಯತೆ ಸಿಗುವ ಹೊತ್ತಿಗೆ 1942 ಆಗಿತ್ತು. ಅದುವರೆಗೂ ಅವರು ಕೈಬಿಡದೆ ದಳ ನಡೆಸಿದರು. ಬಿಳಿಯರ ಶಿಬಿರಕ್ಕೆ ತಮ್ಮ ಹುಡುಗಿಯರಿಗೆ ಪ್ರವೇಶವಿಲ್ಲದಾಗ ಬೇರೆ ಜಾಗ ಹುಡುಕಿದರು. 1955ರಲ್ಲಿ ಅಲ್ಲಿ ಆರಂಭವಾದ ಶಿಬಿರಕ್ಕೆ ಅವರದೇ ಹೆಸರು.

ನಮ್ಮಲ್ಲಿ ಈ ಚಳವಳಿ ‘ಗೈಡ್ಸ್’ ಎಂಬ ಹೆಸರಿನಲ್ಲಿದೆ. ಶಾಲೆಯಲ್ಲಿ ಬುಲ್‌ಬುಲ್ ಆಗಿದ್ದವರಿಗೆ, ಹರಿಹರದ ಬಳಿಯ ಕೊಂಡಜ್ಜಿಯ ಶಿಬಿರಕ್ಕೆ ಹೋಗಿ ಬಂದವರಿಗೆ ಡೇರೆ, ಗಂಟು, ಶಿಬಿರಾಗ್ನಿಯ ಪರಿಚಯ ಮಾಡಿಸಬೇಕಾಗಿಲ್ಲ. ನವೆಂಬರ್ 7ರ ಸಂಸ್ಥಾಪನಾ ದಿನದ ಸಣ್ಣ ಧ್ವಜದ ಸ್ಟಿಕ್ಕರನ್ನು ಕೊಂಡವರೂ ಈ ಕೊಡುಗೆಯ ಸರಪಳಿಯಲ್ಲಿದ್ದಾರೆ. ಇಂಥ ಚಿಲ್ಲರೆ ಕಾಸಿನ ಹಿಂದೆ ದೊಡ್ಡ ಕಥೆಯೇ ಇದೆ. 1932ರಲ್ಲಿ ಪೋಲೆಂಡಿನ ಬೂಚೆಯಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಬೆಲ್ಜಿಯಂ ಪ್ರತಿನಿಧಿಯೊಬ್ಬರು ಒಂದು ಸಲಹೆ ಕೊಟ್ಟರು: ಫೆಬ್ರುವರಿ 22ರ ಚಿಂತನ ದಿನ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಮತ್ತು ಅವರ ಪತ್ನಿ ಓಲೇವ್ ಇಬ್ಬರ ಹುಟ್ಟುಹಬ್ಬವೂ ಹೌದಾದ್ದರಿಂದ ಪ್ರತಿ ಹುಡುಗಿಯೂ ಅಂದು ಸಣ್ಣದೊಂದು ಕಾಣಿಕೆ ಕೊಡಲಿ. ಓಲೇವ್ ಬೇಡನ್ ಪೊವೆಲ್ ಎಲ್ಲರಿಗೂ ಪತ್ರ ಬರೆದು ಒಂದೊಂದು ಪೆನ್ನಿ ಕೇಳಿದರು. ಆ ನಿಧಿ ಇಂದಿಗೂ ನಡೆಯುತ್ತಿದೆ. ಇಡೀ ಜಗತ್ತಿನ ಗೈಡುಗಳಿಗೆ ಸೇರಿದ ಕೇಂದ್ರವೊಂದು ನಮ್ಮ ನೆರೆಯ ಪುಣೆಯಲ್ಲೇ ಇದೆ. ಆ ‘ಸಂಗಮ’ವನ್ನು 1966ರಲ್ಲಿ ಓಲೇವ್ ಅವರೇ ಬಂದು ಉದ್ಘಾಟಿಸಿದರು.

ದೊಡ್ಡ ಮೊತ್ತಗಳೂ ಬರುತ್ತವೆ. 2022ರಲ್ಲಿ ಕೊಡುಗೈ ದಾನಿ ಮೆಕೆಂಜಿ ಸ್ಕಾಟ್ ಅಮೆರಿಕದ ಗರ್ಲ್ ಸ್ಕೌಟ್ಸ್‌ಗೂ ಅದರ 29 ಪ್ರಾಂತೀಯ ಸಂಸ್ಥೆಗಳಿಗೂ ಸೇರಿಸಿ 8 ಕೋಟಿ 45 ಲಕ್ಷ ಡಾಲರ್ ಕೊಟ್ಟರು. ಅಂಥ ಹಣದಿಂದ ಕಟ್ಟಡ ರಿಪೇರಿಯಾಗುತ್ತದೆ, ಸಿಬ್ಬಂದಿ ಸಿಗುತ್ತಾರೆ. ವಾರವಾರ ಶೆಲ್ಟರಿಗೆ ಬಂದು ಹುಡುಗಿಯರ ಹೆಸರು ನೆನಪಿಟ್ಟುಕೊಂಡು ಸಭೆ ನಡೆಸುವವರು ಮಾತ್ರ ಊರಿನೊಳಗಿಂದಲೇ ಏಳಬೇಕು.

ಟ್ರೂಪ್ 6000 ಬೇರೆ ದಳಗಳಂತಲ್ಲ; ಸದಸ್ಯೆಯೊಬ್ಬಳು ಶೆಲ್ಟರ್ ಬಿಟ್ಟುಹೋದರೆ ಇಲ್ಲಿ ಎಲ್ಲರಿಗೂ ಸಂತೋಷ. ಆದರೆ ಮನೆ ಸಿಕ್ಕ ಕೂಡಲೇ ಗುಂಪು ತಪ್ಪಿದರೆ ಹುಡುಗಿ ಮತ್ತೆ ಒಂಟಿ. ಅದಕ್ಕಾಗಿ ಹೊಸ ಮನೆಗೆ ಹೋದವರೂ ದಳದಲ್ಲೇ ಮುಂದುವರಿಯುವ ವ್ಯವಸ್ಥೆ ಮಾಡಿದ್ದಾರೆ. ಈಚಿನ ವರ್ಷಗಳಲ್ಲಿ ಲ್ಯಾಟಿನ್ ಅಮೆರಿಕದಿಂದ ಆಶ್ರಯ ಕೋರಿ ಸಾವಿರಾರು ಕುಟುಂಬಗಳು ನ್ಯೂಯಾರ್ಕಿಗೆ ಬಂದಾಗ, 2023ರಲ್ಲಿ ಮ್ಯಾನ್‌ಹಟನ್ನಿನ ನಡುಭಾಗದ ಶೆಲ್ಟರ್ ಹೋಟೆಲೊಂದರಲ್ಲಿ ಹೊಸ ಶಾಖೆ ತೆರೆಯಿತು. ಚಟುವಟಿಕೆಗಳೆಲ್ಲ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ನಡೆದವು. ವರ್ಷ ತುಂಬುವುದರೊಳಗೆ ಅಲ್ಲಿ ಸುಮಾರು 200 ಹುಡುಗಿಯರಾದರು. ಆ ಶಾಖೆಯನ್ನು ನಡೆಸಲು ಮುಂದೆ ಬಂದವರಲ್ಲಿ ಆ ಹುಡುಗಿಯರ ತಂದೆತಾಯಂದಿರೇ ಇದ್ದರು.