ಎಂಜಿಬಿ ಕಾರಿನ ಎಂಜಿನ್ ಎಣ್ಣೆ ಸೋರಿಕೆಯ ಪತ್ತೆ

ಎಂಜಿಬಿಯು ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಇದರ ನಾಲ್ಕು ಸಿಲಿಂಡರುಗಳ ಎಂಜಿನ್ನಿನಿಂದ ಎಣ್ಣೆ ಸೋರುವುದು ಹಳೆಯ ಕಾರುಗಳ ಒಡೆಯರಿಗೆ ಪರಿಚಿತವಾದ ತೊಂದರೆ. ಎಣ್ಣೆ ನೆಲಕ್ಕೆ ತೊಟ್ಟಿಕ್ಕುವ ಜಾಗವೂ ಅದು ಹೊರಬರುವ ಜಾಗವೂ ಬಹಳ ಸಲ ಬೇರೆಬೇರೆಯಾಗಿರುತ್ತವೆ. ಆದ್ದರಿಂದ ಯಾವುದೇ ಭಾಗವನ್ನು ಬಿಚ್ಚುವ ಮೊದಲು ಸೋರಿಕೆಯ ಮೂಲವನ್ನು ಕ್ರಮವಾಗಿ ಗುರುತಿಸುವುದು ದುರಸ್ತಿಯ ಮುಖ್ಯ ಹಂತವೆನಿಸಿದೆ.

ಎಂಜಿನ್ನಿನ ರಚನೆ

ಎಂಜಿಬಿಯಲ್ಲಿ ಬಳಸಲಾದದ್ದು ಬಿಎಂಸಿ ಸಂಸ್ಥೆಯ ಬಿ-ಸರಣಿಯ 1798 ಸಿಸಿ ಎಂಜಿನ್. ಇದೇ ಸರಣಿಯ 1489 ಸಿಸಿ ಎಂಜಿನ್ ಭಾರತದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಡರ್ ಕಾರಿನಲ್ಲಿ ದೀರ್ಘಕಾಲ ಬಳಕೆಯಲ್ಲಿತ್ತು. ಮೊದಲ ಎಂಜಿಬಿ ಕಾರುಗಳ ಕ್ರ್ಯಾಂಕ್‌ಶಾಫ್ಟಿಗೆ ಮೂರು ಮುಖ್ಯ ಬೇರಿಂಗುಗಳಿದ್ದವು. 1964ರ ಕೊನೆಯ ಭಾಗದಿಂದ ಐದು ಬೇರಿಂಗುಗಳ ಎಂಜಿನ್ ಬಂದಿತು.

ಸೋರಿಕೆಯ ದೃಷ್ಟಿಯಿಂದ ಈ ವ್ಯತ್ಯಾಸ ಮಹತ್ವದ್ದು. ಮೂರು ಬೇರಿಂಗುಗಳ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ರಬ್ಬರಿನ ಸೀಲ್ ಇಲ್ಲ. ಅಲ್ಲಿ ಶಾಫ್ಟಿನ ಮೇಲೆ ಸ್ಕ್ರೂವಿನ ಮರೆಯಂತಹ ಸುರುಳಿ ಗಾಡಿಯನ್ನು ಕೊರೆಯಲಾಗಿದ್ದು, ಶಾಫ್ಟು ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಎಂಜಿನ್ ನಿಂತಾಗ ಈ ತಡೆಯೂ ನಿಲ್ಲುತ್ತದೆ. ಹಾಗಾಗಿ ಕಾರನ್ನು ನಿಲ್ಲಿಸಿದ ಮೇಲೆ ಕೆಲವು ಹನಿ ಬೀಳುವುದು ಈ ವಿನ್ಯಾಸದ ಸಹಜ ಗುಣವೇ ಹೊರತು ದೋಷವಲ್ಲ. ಐದು ಬೇರಿಂಗುಗಳ ಎಂಜಿನ್ನಿನಲ್ಲಿ ಶಾಫ್ಟಿಗೆ ಒತ್ತಿಕೊಂಡಿರುವ ತುಟಿಯುಳ್ಳ ಆಯಿಲ್ ಸೀಲ್ ಇದೆ. ಅದು ಸವೆದರೆ ಅಥವಾ ಗಡುಸಾದರೆ ಸೋರುತ್ತದೆ.

ಸೋರುವ ಸ್ಥಳಗಳು

* ರಾಕರ್ ಕವರ್: ಎಂಜಿನ್ನಿನ ನೆತ್ತಿಯಲ್ಲಿರುವ ಈ ಮುಚ್ಚಳದ ಗ್ಯಾಸ್ಕೆಟ್ ಸಾಮಾನ್ಯವಾಗಿ ಕಾರ್ಕಿನದು. ಇದರ ಹಿಂಬದಿಯಿಂದ ಸೋರಿದ ಎಣ್ಣೆ ಬ್ಲಾಕಿನ ಬೆನ್ನಿನ ಮೇಲೆ ಇಳಿದು, ಗೇರ್‌ಬಾಕ್ಸಿನ ಮುಂಭಾಗವಾದ ಬೆಲ್ ಹೌಸಿಂಗಿನ ಹೊರಮೈಯನ್ನು ತೋಯಿಸುತ್ತದೆ.
* ಟ್ಯಾಪೆಟ್ ಕವರುಗಳು: ಎಂಜಿನ್ನಿನ ಎಡಪಕ್ಕದಲ್ಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ ಮರೆಯಲ್ಲಿರುವ ಎರಡು ತಗಡಿನ ಮುಚ್ಚಳಗಳಿವು. ನಡುವಿನ ಬೋಲ್ಟನ್ನು ಅತಿಯಾಗಿ ಬಿಗಿದರೆ ತಗಡು ಬಾಗಿ ಸೋರಿಕೆ ಇನ್ನಷ್ಟು ಹೆಚ್ಚುತ್ತದೆ.
* ಟೈಮಿಂಗ್ ಕವರ್: ಮುಂದಿನ ಪುಲ್ಲಿಯ ಹಿಂದಿರುವ ಸೀಲ್ ಸವೆದಾಗ ಪುಲ್ಲಿಯು ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ.
* ಸಂಪ್: ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ ಗ್ಯಾಸ್ಕೆಟ್ ಮತ್ತು ಅದರ ಎರಡು ತುದಿಗಳ ಕಾರ್ಕ್ ಪಟ್ಟಿಗಳು. ಮೇಲಿನಿಂದ ಇಳಿದ ಎಣ್ಣೆಯೂ ಇಲ್ಲಿಯೇ ನಿಲ್ಲುವುದರಿಂದ ಸಂಪ್ ಒದ್ದೆಯಾಗಿದೆ ಎಂದಮಾತ್ರಕ್ಕೆ ಅದರ ಗ್ಯಾಸ್ಕೆಟ್ ಕೆಟ್ಟಿದೆ ಎನ್ನಲಾಗದು.
* ಒತ್ತಡದ ಎಣ್ಣೆಯಿರುವ ಜೋಡಣೆಗಳು: ಆಯಿಲ್ ಫಿಲ್ಟರಿನ ಸೀಲ್, ಆಯಿಲ್ ಕೂಲರಿನ ಕೊಳವೆಗಳು ಮತ್ತು ಕೆಲವು ಮಾದರಿಗಳಲ್ಲಿ ಒತ್ತಡಮಾಪಕಕ್ಕೆ ಹೋಗುವ ಕೊಳವೆ. ಇಲ್ಲಿಯ ಸೋರಿಕೆ ಅಪಾಯಕಾರಿ. ಕೊಳವೆ ಬಿರಿದರೆ ಸ್ವಲ್ಪ ಹೊತ್ತಿನಲ್ಲೇ ಎಣ್ಣೆ ಬರಿದಾಗಿ ಬೇರಿಂಗುಗಳು ಹಾಳಾಗುತ್ತವೆ.

ಕ್ರ್ಯಾಂಕ್‌ಕೇಸಿನ ಒತ್ತಡ

ಸಿಲಿಂಡರಿನಲ್ಲಿ ದಹನವಾದ ಅನಿಲದ ಅಲ್ಪಭಾಗ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಅದು ಹೊರಹೋಗಲೆಂದು ಮುಂದಿನ ಟ್ಯಾಪೆಟ್ ಕವರಿನಿಂದ ಉಸಿರುಕೊಳವೆಯನ್ನು ಜೋಡಿಸಲಾಗಿದೆ. 1960ರ ದಶಕದ ಮಧ್ಯಭಾಗದ ಕಾರುಗಳಲ್ಲಿ ಈ ಕೊಳವೆ ಇನ್‌ಲೆಟ್ ಮ್ಯಾನಿಫೋಲ್ಡಿನ ಮೇಲಿನ ಕವಾಟಕ್ಕೂ, ಆಮೇಲಿನವುಗಳಲ್ಲಿ ಕಾರ್ಬ್ಯುರೇಟರಿಗೂ ಸೇರುತ್ತದೆ. ಈ ದಾರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಸುಸ್ಥಿತಿಯಲ್ಲಿರುವ ಗ್ಯಾಸ್ಕೆಟ್ ಮತ್ತು ಸೀಲುಗಳಿಂದಲೂ ಎಣ್ಣೆ ಹೊರಬೀಳುತ್ತದೆ. ಒಂದೇ ಸಲಕ್ಕೆ ಹಲವು ಕಡೆ ಸೋರಿಕೆ ಕಂಡುಬಂದರೆ ಮೊದಲು ಸಂಶಯಿಸಬೇಕಾದುದು ಇದನ್ನೇ. ಕವಾಟವುಳ್ಳ ಕಾರಿನಲ್ಲಿ, ಬಿಸಿಯಾದ ಎಂಜಿನ್ ಐಡಲ್ ವೇಗದಲ್ಲಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದರೆ ವೇಗ ತುಸು ಏರಬೇಕು. ಹಾಗಾದರೆ ಕವಾಟ ಕೆಲಸ ಮಾಡುತ್ತಿದೆ ಎಂದರ್ಥ. ಕೊಳವೆಗಳು ಶುದ್ಧವಾಗಿದ್ದೂ ಮುಚ್ಚಳದ ಬಾಯಿಂದ ಹೊಗೆ ರಭಸವಾಗಿ ಬರುತ್ತಿದ್ದರೆ ರಿಂಗುಗಳ ಸವೆತವನ್ನು ತಿಳಿಯಲು ಕಂಪ್ರೆಷನ್ ಪರೀಕ್ಷೆ ನಡೆಸಲಾಗುತ್ತದೆ.

ಪತ್ತೆಹಚ್ಚುವ ಕ್ರಮ

1. ದ್ರವವನ್ನು ಗುರುತಿಸುವುದು. ಹನಿಯನ್ನು ನೀರಿಗೆ ಹಾಕಿದಾಗ ಎಣ್ಣೆ ತೇಲುತ್ತದೆ; ಕ್ಲಚ್ಚಿನ ಹೈಡ್ರಾಲಿಕ್ ದ್ರವ ನೀರಿನಲ್ಲಿ ಬೆರೆಯುತ್ತದೆ. ಅನೇಕ ಕಾರುಗಳಲ್ಲಿ ಗೇರ್ ಎಣ್ಣೆಯನ್ನು ಅದರ ಗಾಢ ವಾಸನೆಯಿಂದ ಗುರುತಿಸಬಹುದು. ಎಂಜಿಬಿಯ ಗೇರ್‌ಬಾಕ್ಸಿಗಾದರೋ ಎಂಜಿನ್ ಎಣ್ಣೆಯನ್ನೇ ಹಾಕುವುದರಿಂದ ಈ ಉಪಾಯ ಫಲಿಸುವುದಿಲ್ಲ.
2. ಶುಚಿಗೊಳಿಸುವುದು. ತಣ್ಣಗಿರುವ ಎಂಜಿನ್ನಿನ ಜಿಡ್ಡನ್ನು ಪೂರ್ತಿಯಾಗಿ ತೊಳೆದು ಒಣಗಿಸಬೇಕು. ಹಳೆಯ ಜಿಡ್ಡಿನ ಮೇಲೆ ಹೊಸ ಸೋರಿಕೆ ಕಾಣುವುದಿಲ್ಲ.
3. ಗುರುತು ಮಾಡುವುದು. ಸಂಶಯದ ಜೋಡಣೆಗಳ ಮೇಲೆ ಟಾಲ್ಕಂ ಪುಡಿ ಉದುರಿಸಿದರೆ ಎಣ್ಣೆಯ ಜಾಡು ಕಪ್ಪು ಗೆರೆಯಾಗಿ ಮೂಡುತ್ತದೆ. ಇನ್ನೊಂದು ವಿಧಾನದಲ್ಲಿ ಎಂಜಿನ್ ಎಣ್ಣೆಗೆ ಮಾತ್ರ ಪ್ರತಿದೀಪಕ ಬಣ್ಣವನ್ನು ಬೆರೆಸಿ, ಸ್ವಲ್ಪ ದೂರ ಓಡಿಸಿ, ನೇರಳಾತೀತ ದೀಪದಲ್ಲಿ ನೋಡಲಾಗುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಹೊಳೆಯದ ಕಾರಣ ಎರಡರ ನಡುವಿನ ಸಂಶಯವೂ ಪರಿಹಾರವಾಗುತ್ತದೆ.
4. ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಪರೀಕ್ಷಿಸುವುದು. ಎಣ್ಣೆ ಗುರುತ್ವದಿಂದ ಇಳಿದು ಗಾಳಿಯಿಂದ ಹಿಂದಕ್ಕೆ ಸರಿಯುವುದರಿಂದ, ಒದ್ದೆಯ ಅತ್ಯಂತ ಎತ್ತರದ ಮತ್ತು ಅತ್ಯಂತ ಮುಂದಿನ ಬಿಂದುವೇ ಮೂಲಕ್ಕೆ ಸಮೀಪವಾದುದು.
5. ಒಂದೊಂದನ್ನೇ ಸರಿಪಡಿಸುವುದು. ಒಂದು ಜಾಗವನ್ನು ಸರಿಪಡಿಸಿ ಮತ್ತೆ ಓಡಿಸಿ ನೋಡಿದ ನಂತರವೇ ಮುಂದಿನದಕ್ಕೆ ಹೋಗಬೇಕು.

ಹಿಂದಿನ ಸೀಲಿನ ನಿರ್ಣಯ

ಬೆಲ್ ಹೌಸಿಂಗಿನ ತಳದ ರಂಧ್ರದಿಂದ ಎಣ್ಣೆ ತೊಟ್ಟಿಕ್ಕಿದರೆ ಹಿಂದಿನ ಸೀಲ್ ಕೆಟ್ಟಿದೆಯೆಂದು ತೀರ್ಮಾನಿಸುವುದು ರೂಢಿ. ಆದರೆ ಗೇರ್‌ಬಾಕ್ಸಿನ ಮುಂಭಾಗದಿಂದ ಸೋರಿದ ಎಣ್ಣೆಯೂ ಅಲ್ಲಿಂದಲೇ ಬರುತ್ತದೆ. ರಾಕರ್ ಕವರಿನಿಂದ ಇಳಿದ ಎಣ್ಣೆಯೂ ಹೊರಮೈಯಲ್ಲಿ ಹರಿದು ಅದೇ ಜಾಗವನ್ನು ತಲುಪಬಲ್ಲದು. ಹಿಂದಿನ ಸೀಲನ್ನು ಬದಲಿಸಲು ಸಾಮಾನ್ಯವಾಗಿ ಎಂಜಿನ್ನನ್ನೇ ಹೊರತೆಗೆಯಬೇಕಾಗುವುದರಿಂದ, ಉಳಿದ ಸಾಧ್ಯತೆಗಳೆಲ್ಲ ಸುಳ್ಳಾದ ಮೇಲೆ ಮಾತ್ರ ಈ ನಿರ್ಣಯಕ್ಕೆ ಬರುವುದು ಉಚಿತ. ಎಣ್ಣೆ ತಗುಲಿ ಕ್ಲಚ್ ಜಾರುತ್ತಿದ್ದರೆ ಅದು ಬೆಲ್ ಹೌಸಿಂಗಿನ ಒಳಗಿನ ಸೋರಿಕೆಯತ್ತ ಬೊಟ್ಟು ಮಾಡುತ್ತದೆ.

ಸುರಕ್ಷತೆ

ಕಾರಿನ ಅಡಿಗೆ ಹೋಗುವಾಗ ಜಾಕ್ ಒಂದನ್ನೇ ನೆಚ್ಚದೆ, ಗಟ್ಟಿ ನೆಲದ ಮೇಲೆ ಆಕ್ಸಲ್ ಸ್ಟ್ಯಾಂಡುಗಳನ್ನು ಇಡಬೇಕು. ಬಿಸಿಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬಿದ್ದ ಎಣ್ಣೆ ಹೊತ್ತಿಕೊಳ್ಳಬಹುದು. ಓಡುತ್ತಿರುವಾಗ ಒತ್ತಡಮಾಪಕದ ಮುಳ್ಳು ಹಠಾತ್ತನೆ ಇಳಿದರೆ ತಕ್ಷಣ ಎಂಜಿನ್ ನಿಲ್ಲಿಸಬೇಕು. ಸೋರಿಕೆ ಎಷ್ಟೇ ಅಲ್ಪವಾಗಿದ್ದರೂ, ಮೂಲ ಪತ್ತೆಯಾಗುವವರೆಗೆ ಪ್ರತಿ ಪ್ರಯಾಣಕ್ಕೂ ಮುನ್ನ ಡಿಪ್‌ಸ್ಟಿಕ್ಕಿನಿಂದ ಎಣ್ಣೆಯ ಮಟ್ಟವನ್ನು ನೋಡುವುದು ಅವಶ್ಯಕ.