ಅಟ್ಟ ಸೇರಿದ ಲ್ಯಾಪ್‌ಟಾಪ್‌ಗೆ ಇನ್ನೂ ಆಯಸ್ಸಿದೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹತ್ತು ವರ್ಷ ಮನೆಗಳಲ್ಲಿ, ಕಚೇರಿಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ದುಡಿದ ವ್ಯವಸ್ಥೆ ಅದು. ಅದರ ಮುಂದಿನದಾದ ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದು, ಎಎಂಡಿಯದಾದರೆ ರೈಜನ್ 2000 ಸರಣಿಯದು, ಇಲ್ಲವೇ ಅದಕ್ಕಿಂತ ಹೊಸದು ಇರಬೇಕು. ಈ ಗೆರೆ ಎಲ್ಲಿ ಬಿದ್ದಿದೆ ನೋಡಿ. ಇಂಟೆಲ್‌ನ ಕೋರ್ ಐ7-7700ಕೆ ಮಾರುಕಟ್ಟೆಗೆ ಬಂದದ್ದು 2017ರ ಜನವರಿಯಲ್ಲಿ. ಆ ಕಾಲಕ್ಕೆ ಆಟದ ಕಂಪ್ಯೂಟರ್ ಕಟ್ಟಿಸುವವರ ಮೊದಲ ಆಯ್ಕೆಗಳಲ್ಲಿ ಅದೂ ಒಂದು. ಜೊತೆಗೊಂದು ಜಿಟಿಎಕ್ಸ್ 1080 ಗ್ರಾಫಿಕ್ಸ್ ಕಾರ್ಡ್ ಇದ್ದರೆ ಆ ಯಂತ್ರ ಇಂದಿಗೂ ಅನೇಕ ಆಟಗಳನ್ನು ಸರಾಗವಾಗಿ ಆಡಿಸುತ್ತದೆ. ಆದರೂ ಅದು ಗೆರೆಯ ಆಚೆ ಉಳಿಯಿತು. ಹೀಗೆ ಗೆರೆಯಾಚೆ ಉಳಿದು ಕಸವಾಗಬಹುದಾದ ಕಂಪ್ಯೂಟರ್‌ಗಳು ಜಗತ್ತಿನಲ್ಲಿ ಸುಮಾರು 24 ಕೋಟಿ ಎಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜು ಮಾಡಿತ್ತು.

ಈ ಯಂತ್ರಗಳು ಕೆಟ್ಟಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅವುಗಳ ಕೀಲಿಮಣೆ ಒತ್ತಿದರೆ ಅಕ್ಷರ ಮೂಡುತ್ತದೆ, ಪರದೆ ಬೆಳಗುತ್ತದೆ, ಪ್ರೊಸೆಸರ್ ಕೊಂಡ ದಿನ ಎಷ್ಟು ವೇಗದಲ್ಲಿ ಲೆಕ್ಕ ಮಾಡುತ್ತಿತ್ತೋ ಇಂದೂ ಅಷ್ಟೇ ವೇಗದಲ್ಲಿ ಮಾಡುತ್ತದೆ. ಬದಲಾದದ್ದು ಅದರ ಮೇಲೆ ಕೂರುವ ತಂತ್ರಾಂಶ ಮತ್ತು ಆ ತಂತ್ರಾಂಶದ ಮಾಲೀಕರ ನೀತಿ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಉಂಟುಮಾಡಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಶೇ 22.3 ಮಾತ್ರ. ಯಂತ್ರವೊಂದರ ಆಯಸ್ಸನ್ನು ಅದನ್ನು ದುಡ್ಡು ಕೊಟ್ಟು ಕೊಂಡವರು ನಿರ್ಧರಿಸಬೇಕೇ ಹೊರತು ಕಂಪನಿಯ ಕ್ಯಾಲೆಂಡರ್ ನಿರ್ಧರಿಸಬಾರದು. ವಿಂಡೋಸ್ ಬದಲು ಇಂಥ ಯಂತ್ರಗಳಲ್ಲಿ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ದೊಡ್ಡ ಗುಣ ಅದು ಪುಕ್ಕಟೆ ಎಂಬುದಲ್ಲ, ಈ ನಿರ್ಧಾರವನ್ನು ಅದು ಮತ್ತೆ ನಮ್ಮ ಕೈಗೆ ಕೊಡುತ್ತದೆ ಎಂಬುದು. ಕೈಗೆ ಬಂದ ಅಧಿಕಾರವನ್ನು ವಿವೇಚನೆಯಿಂದ ಬಳಸಬೇಕು. ಹಾಗಾಗಿ ಯಾವ ಲಿನಕ್ಸ್ ಒಳ್ಳೆಯದು ಎಂಬ ಪ್ರಶ್ನೆಗಿಂತ, ಈ ಯಂತ್ರದಲ್ಲಿ ಏನಿದೆ, ಇದರಿಂದ ನನಗೆ ಏನು ಕೆಲಸ ಆಗಬೇಕು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು.

ಹಳೆಯ ಲ್ಯಾಪ್‌ಟಾಪ್‌ಗೆ ನಿಜವಾಗಿ ಬೇಕಾದದ್ದು

ಲಿನಕ್ಸ್ ಹಾಕಿದ ಕೂಡಲೇ ಹಳೆಯ ಲ್ಯಾಪ್‌ಟಾಪ್ ಕುದುರೆಯಂತೆ ಓಡುತ್ತದೆ ಎಂಬ ಮಾತು ಅರ್ಧಸತ್ಯ. ಲಿನಕ್ಸ್ ತಾನು ಕಡಿಮೆ ಜಾಗ ಹಿಡಿಯುತ್ತದೆ, ಹಿನ್ನೆಲೆಯಲ್ಲಿ ಕಡಿಮೆ ಕೆಲಸ ಇಟ್ಟುಕೊಳ್ಳುತ್ತದೆ, ಅಷ್ಟು ನಿಜ. ಆದರೆ ಇಂದು ಕಂಪ್ಯೂಟರ್‌ನ ಹೆಚ್ಚಿನ ಕೆಲಸ ನಡೆಯುವುದು ಬ್ರೌಸರಿನಲ್ಲಿ. ಯೂಟ್ಯೂಬ್, ಜಿಮೇಲ್, ಬ್ಯಾಂಕಿನ ಜಾಲತಾಣಗಳು ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ತೆರೆದರೂ ಅಷ್ಟೇ ಭಾರ. ಆ ಭಾರ ಹೊರುವುದು ರ‍್ಯಾಮ್. ಇನ್ನು ಯಂತ್ರ ಆನ್ ಆಗಲು ಐದು ನಿಮಿಷ ತೆಗೆದುಕೊಳ್ಳುತ್ತದೆ ಎಂಬ ದೂರಿನ ಹಿಂದೆ ಬಹುತೇಕ ಸಲ ಇರುವುದು ತಿರುಗುವ ಹಾರ್ಡ್‌ಡಿಸ್ಕ್. ಅದರೊಳಗಿನ ಸೂಜಿ ತಟ್ಟೆಯ ಮೇಲೆ ಅತ್ತಿಂದಿತ್ತ ಓಡಾಡಿ ಚದುರಿದ ಕಡತಗಳನ್ನು ಹೆಕ್ಕಬೇಕು. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 500 ಎಂಬಿ ಓದುತ್ತದೆ; ಹಳೆಯ ಹಾರ್ಡ್‌ಡಿಸ್ಕ್ ನೂರರ ಆಸುಪಾಸಿನಲ್ಲಿ ಏದುಸಿರು ಬಿಡುತ್ತದೆ, ಚದುರಿದ ಕಡತಗಳಾದರೆ ಅದೂ ಇಲ್ಲ.

2012ರಲ್ಲಿ ಬಂದ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್230 ಲ್ಯಾಪ್‌ಟಾಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಮೂರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, ವಿಂಡೋಸ್ 11ರ ಬಾಗಿಲು ಅದಕ್ಕೆ ಮುಚ್ಚಿದೆ. ಆದರೆ ಅದನ್ನು ಮಗುಚಿ ಹಾಕಿ ಕೆಲವು ಸ್ಕ್ರೂ ಬಿಚ್ಚಿದರೆ ಹಾರ್ಡ್‌ಡಿಸ್ಕ್ ಪಕ್ಕದಿಂದ ಡ್ರಾಯರ್‌ನಂತೆ ಹೊರಬರುತ್ತದೆ. ತಳದ ಮುಚ್ಚಳ ತೆಗೆದರೆ ರ‍್ಯಾಮ್ ಕಾಣುತ್ತದೆ; 16 ಜಿಬಿವರೆಗೆ ಏರಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಈ ಬಗೆಯ ಹಳೆಯ ಕಚೇರಿ ಲ್ಯಾಪ್‌ಟಾಪ್‌ಗಳೂ ಅವಕ್ಕೆ ಹೊಂದುವ ಬಿಡಿಭಾಗಗಳೂ ಸಿಗುತ್ತವೆ. ಒಂದು ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ಮೇಲೊಂದು ಲಿನಕ್ಸ್ ಸೇರಿದರೆ ಓದುವ ಮಕ್ಕಳಿಗೆ, ಬರೆಯುವವರಿಗೆ, ಪಂಚಾಯಿತಿ ಮಟ್ಟದ ಸಂಘಸಂಸ್ಥೆಗಳಿಗೆ ಸಾಕಾಗುವ ಕಂಪ್ಯೂಟರ್ ಸಿದ್ಧ. ಖರ್ಚಿಗೆ ಕೈಯಲ್ಲಿರುವುದು ಸ್ವಲ್ಪವೇ ಆದರೆ ಮೊದಲ ರೂಪಾಯಿ ಎಸ್‌ಎಸ್‌ಡಿಗೆ, ಎರಡನೆಯದು ರ‍್ಯಾಮ್‌ಗೆ ಹೋಗಲಿ.

ಆಮೇಲೆ ಬರುತ್ತದೆ ಡಿಸ್ಟ್ರೋ ಆಯ್ಕೆ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂದರೆ ಮೂಲತಃ ಕರ್ನಲ್, ಅಂದರೆ ತಿರುಳು ಮಾತ್ರ. ಅದರ ಸುತ್ತ ಮೆನು, ಬ್ರೌಸರ್, ಕಚೇರಿ ತಂತ್ರಾಂಶಗಳನ್ನು ಜೋಡಿಸಿ ಬಳಕೆಗೆ ಸಿದ್ಧವಾಗಿ ಕೊಡುವ ಗಂಟಿಗೆ ಡಿಸ್ಟ್ರೋ ಎನ್ನುತ್ತಾರೆ. ನೂರಾರು ಡಿಸ್ಟ್ರೋಗಳಿವೆ ಎಂದು ಕಂಗಾಲಾಗುವ ಅಗತ್ಯವಿಲ್ಲ, ರ‍್ಯಾಮ್ ನೋಡಿಕೊಂಡು ಆರಿಸಿದರೆ ಆಯ್ಕೆ ಬೆರಳೆಣಿಕೆಗೆ ಇಳಿಯುತ್ತದೆ. 8 ಜಿಬಿ ಇದ್ದರೆ ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ. ವಿಂಡೋಸ್ ಕಂಡವರಿಗೆ ಅದರ ಮೆನು, ಕೆಳಪಟ್ಟಿ ಎಲ್ಲವೂ ಪರಿಚಿತವೆನ್ನಿಸುತ್ತವೆ. 4 ಜಿಬಿ ಇದ್ದರೆ ಅದೇ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ ಹೇಳುವ ಕನಿಷ್ಠ ಅಗತ್ಯ 2 ಜಿಬಿ ರ‍್ಯಾಮ್ ಮತ್ತು 20 ಜಿಬಿ ಡಿಸ್ಕ್, ಆದರೆ ನೆಮ್ಮದಿಯಿಂದ ಬಳಸಲು 4 ಜಿಬಿ ಬೇಕೆಂದು ಅವರೇ ಸೂಚಿಸುತ್ತಾರೆ. ಅದಕ್ಕೂ ಕಡಿಮೆ ಇರುವ ಯಂತ್ರಗಳಿಗೆ ಆಂಟಿಎಕ್ಸ್, ಪಪ್ಪಿ ಲಿನಕ್ಸ್‌ನಂಥವು ಇವೆ. ಆದರೆ ಅಲ್ಲಿ ಬ್ರೌಸರಿನ ಭಾರವೇ ಅಡ್ಡಗೋಡೆಯಾಗುತ್ತದೆ. 32 ಬಿಟ್ ಪ್ರೊಸೆಸರ್‌ನ ಕಾಲವಂತೂ ಮುಗಿಯುತ್ತ ಬಂದಿದೆ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು. ಎಲ್ಲ ಯಂತ್ರವನ್ನೂ ಉಳಿಸಬಹುದೆಂದು ಲಿನಕ್ಸ್ ಪ್ರೇಮಿಗಳು ಹೇಳಬಾರದು. 2010ರ ನಂತರದ 64 ಬಿಟ್ ಯಂತ್ರಗಳಲ್ಲಿ ಹೆಚ್ಚಿನವನ್ನು ಉಳಿಸಬಹುದು ಎಂಬಷ್ಟೇ ಮಾತು ನಿಲ್ಲುತ್ತದೆ, ಅದೇ ಸಾಕಷ್ಟು ದೊಡ್ಡ ಮಾತು.

ಆಟದ ಯಂತ್ರದ ಲೆಕ್ಕ ಬೇರೆ

ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ನೋಡಿದಂತೆ ಆಟದ ಕಂಪ್ಯೂಟರ್‌ನಲ್ಲಿ ನೋಡಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಆಟಗಳಲ್ಲಿ ಬಹುಪಾಲು ವಿಂಡೋಸ್‌ಗಾಗಿ ಬರೆದವು. ಚಿತ್ರ ಮೂಡಿಸಲು ಅವು ಮೈಕ್ರೋಸಾಫ್ಟ್‌ನ ಡೈರೆಕ್ಟ್3ಡಿ ಭಾಷೆಯಲ್ಲಿ ಮಾತಾಡುತ್ತವೆ. ಲಿನಕ್ಸ್‌ಗೆ ಆ ಭಾಷೆ ಬಾರದು. 1993ರಲ್ಲಿ ಹುಟ್ಟಿದ ವೈನ್ ಎಂಬ ತಂತ್ರಾಂಶ ವಿಂಡೋಸ್ ಪ್ರೋಗ್ರಾಂಗಳ ಕರೆಗಳನ್ನು ಲಿನಕ್ಸ್‌ಗೆ ತಿಳಿಯುವಂತೆ ಮಾಡುತ್ತ ಬಂದಿತ್ತು. ಅದರ ಮೇಲೆ ಡಿಎಕ್ಸ್‌ವಿಕೆ ಎಂಬ ದುಭಾಷಿಯನ್ನು ಸೇರಿಸಿ 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಬಿಡುಗಡೆ ಮಾಡಿತು. ಆಟ ಡೈರೆಕ್ಟ್3ಡಿಯಲ್ಲಿ ಹೇಳಿದ್ದನ್ನು ಈ ದುಭಾಷಿ ವಲ್ಕನ್ ಎಂಬ ಮುಕ್ತ ಭಾಷೆಗೆ ತಿರುಗಿಸಿ ಕಾರ್ಡ್‌ಗೆ ಮುಟ್ಟಿಸುತ್ತದೆ. ಬಳಕೆದಾರರು ಮಾಡಬೇಕಾದದ್ದು ವಾಲ್ವ್‌ನ ಆಟದ ಮಳಿಗೆಯಾದ ಸ್ಟೀಮ್‌ನಲ್ಲಿ ಆಟದ ಮೇಲೆ ಒತ್ತುವುದಷ್ಟೆ. 2022ರ ಫೆಬ್ರುವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ನಡೆಯುವುದು ಪೂರ್ತಿ ಲಿನಕ್ಸ್ ಮೇಲೆ. ಲಿನಕ್ಸ್‌ನಲ್ಲಿ ಆಟ ಆಡಲಾಗದು ಎಂಬ ಹಳೆಯ ಮಾತಿಗೆ ಅದೇ ಉತ್ತರ.

ಇಲ್ಲಿಯೂ ಹಳೆತನಕ್ಕೊಂದು ಮಿತಿ ಇದೆ. ಡಿಎಕ್ಸ್‌ವಿಕೆಯ ಎರಡನೇ ಸರಣಿಗೆ ವಲ್ಕನ್ 1.3 ಬೇಕು. ಎನ್‌ವಿಡಿಯಾದ ಜಿಟಿಎಕ್ಸ್ 600 ಸರಣಿ, 700 ಸರಣಿಯ ಬಹುಪಾಲು ಕಾರ್ಡ್‌ಗಳಿಗೆ ಕಂಪನಿ ಕೊಟ್ಟ ಕೊನೆಯ ಡ್ರೈವರ್ ಅಲ್ಲಿಗೆ ಮುಟ್ಟುವುದಿಲ್ಲ; ಹಳೆಯ ಪ್ರೋಟಾನ್‌ನಲ್ಲಿ ಹಳೆಯ ಆಟಗಳನ್ನು ಆಡಬಹುದು, ಅಷ್ಟೆ. ಜಿಟಿಎಕ್ಸ್ 900 ಮತ್ತು 1000 ಸರಣಿಗಳು ಚೆನ್ನಾಗಿ ನಡೆಯುತ್ತವೆ. ಆದರೆ ಅವಕ್ಕೆ ಎನ್‌ವಿಡಿಯಾ 580 ಸರಣಿಯ ಡ್ರೈವರನ್ನೇ ಕೊನೆಯದಾಗಿಸಿದೆ. 2025ರ ಡಿಸೆಂಬರ್‌ನಲ್ಲಿ ಬೇಗ ಬೇಗ ಬದಲಾಗುವ ಆರ್ಚ್ ಲಿನಕ್ಸ್ ಡಿಸ್ಟ್ರೋ ಹೊಸ 590 ಡ್ರೈವರ್‌ಗೆ ದಾಟಿದಾಗ ಈ ಕಾರ್ಡ್‌ಗಳಿದ್ದವರು ಹಳೆಯ ಡ್ರೈವರನ್ನು ತಾವೇ ಹುಡುಕಿ ಹಾಕಿಕೊಳ್ಳಬೇಕಾಯಿತು. ಎಎಂಡಿ ಕಾರ್ಡ್‌ಗಳ ಸ್ಥಿತಿ ಇದಕ್ಕಿಂತ ನೆಮ್ಮದಿಯದು. ಆರ್‌ಎಕ್ಸ್ 580ರಂಥ ಕಾರ್ಡಿನ ಮುಕ್ತ ಡ್ರೈವರ್ ಕರ್ನಲ್‌ನಲ್ಲೇ ಇರುವುದರಿಂದ ಬೇರೆಯಾಗಿ ಏನೂ ಹಾಕಬೇಕಿಲ್ಲ. ಡ್ರೈವರ್‌ಗಳ ಈ ಸಂಗತಿ ಆಯ್ಕೆಯ ಸೂತ್ರವೊಂದನ್ನು ಕೊಡುತ್ತದೆ: ಇಂದು ಕೊಂಡ ಕಾರ್ಡ್ ಇದ್ದವರು ಬೇಗ ಬೇಗ ಬದಲಾಗುವ ಡಿಸ್ಟ್ರೋ ಹಾಕಿಕೊಳ್ಳಲಿ. ಹಳೆಯ ಕಾರ್ಡ್ ಇದ್ದವರು ಮಿಂಟ್, ಉಬುಂಟು ಎಲ್‌ಟಿಎಸ್, ಡೆಬಿಯನ್‌ನಂಥ ನಿಧಾನಸ್ಥರ ಜೊತೆ ಇರುವುದೇ ಕ್ಷೇಮ. ಉಬುಂಟು ಎಲ್‌ಟಿಎಸ್ ಆವೃತ್ತಿಗೆ ಐದು ವರ್ಷದ ಭದ್ರತಾ ಅಪ್‌ಡೇಟ್ ಇರುತ್ತದೆ. ಅದರ ಮೇಲೆ ಕಟ್ಟಿದ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ.

ಆಟದ ವಿಷಯದಲ್ಲಿ ನಿಜವಾದ ತಡೆ ಬೇರೊಂದಿದೆ, ಅದನ್ನು ಮುಚ್ಚಿಡುವುದು ತಪ್ಪು. ಹಲವರು ಕೂಡಿ ಆಡುವ ಕೆಲವು ಆನ್‌ಲೈನ್ ಆಟಗಳು ಮೋಸ ತಡೆಯಲು ಕಾವಲು ತಂತ್ರಾಂಶ ಇಡುತ್ತವೆ. ವ್ಯಾಲರಂಟ್ ಆಟದ ಕಾವಲು ವಿಂಡೋಸ್‌ನ ತಿರುಳಿನವರೆಗೆ ಇಳಿಯುತ್ತದೆ, ಲಿನಕ್ಸ್‌ನಲ್ಲಿ ಆ ಆಟ ನಡೆಯದು. ಫೋರ್ಟ್‌ನೈಟ್ ಕೂಡ ಹಾಗೆಯೇ. ಮೊದಲು ನಡೆಯುತ್ತಿದ್ದ ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್‌ಗೆ ಬಾಗಿಲು ಹಾಕಿತು. ಗೆಳೆಯರೊಂದಿಗೆ ಇವನ್ನೇ ಆಡುವವರು ಲಿನಕ್ಸ್‌ಗೆ ಬರುವುದರಲ್ಲಿ ಅರ್ಥವಿಲ್ಲ. ಒಂಟಿಯಾಗಿ ಕಥೆಯ ಆಟ ಆಡುವವರಿಗೆ, ಡೋಟಾ 2, ಕೌಂಟರ್ ಸ್ಟ್ರೈಕ್ 2 ಆಡುವವರಿಗೆ ಈ ತಡೆ ಇಲ್ಲ. ಆ ಎರಡು ಆಟಗಳಿಗೆ ವಾಲ್ವ್ ಲಿನಕ್ಸ್ ಆವೃತ್ತಿಯನ್ನೇ ಕೊಡುತ್ತದೆ. ತಮ್ಮ ಆಟಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದನ್ನೂ, ಯಾವ ಆಟ ಲಿನಕ್ಸ್‌ನಲ್ಲಿ ಹೇಗೆ ನಡೆಯುತ್ತದೆಂದು ತಿಳಿಸುವ ಪ್ರೋಟಾನ್‌ಡಿಬಿ ಜಾಲತಾಣದಲ್ಲಿ ನೋಡಿದರೆ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಆಕ್ಷೇಪಗಳಿಗೆ ಉತ್ತರ

ವಿಂಡೋಸ್ 10 ಇನ್ನೂ ನಡೆಯುತ್ತಿದೆಯಲ್ಲ, ಹಾಗೇ ಬಿಟ್ಟರೇನು ಎನ್ನುವವರಿದ್ದಾರೆ. ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು ನಿಜ. ಅದು ಗಡುವನ್ನು ಮುಂದೂಡುತ್ತದೆ, ತೆಗೆದುಹಾಕುವುದಿಲ್ಲ. ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದೆಂದರೆ ಬಾಗಿಲ ಬೀಗ ಕೆಟ್ಟಿದೆ ಎಂದು ಗೊತ್ತಿದ್ದೂ ಮನೆಯೊಳಗೆ ಒಡವೆ ಇಟ್ಟಂತೆ. ಎರಡನೆಯ ಆಕ್ಷೇಪ ಕೆಲಸದ ತಂತ್ರಾಂಶಗಳದ್ದು, ಮತ್ತು ಇದು ಗಟ್ಟಿಯಾದದ್ದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ, ಫೋಟೋಶಾಪ್‌ನಲ್ಲಿ ಫ್ಲೆಕ್ಸ್ ವಿನ್ಯಾಸ ಮಾಡುವವರಿಗೆ, ಆಟೋಕ್ಯಾಡ್‌ನಲ್ಲಿ ನಕ್ಷೆ ಎಳೆಯುವವರಿಗೆ ಲಿನಕ್ಸ್‌ನಲ್ಲಿ ಇವು ನೇರವಾಗಿ ಸಿಗುವುದಿಲ್ಲ. ಅನ್ನ ಕೊಡುವ ತಂತ್ರಾಂಶ ಬಿಟ್ಟು ಬನ್ನಿ ಎಂದು ಯಾರೂ ಹೇಳಬಾರದು. ಆದರೆ ಮನೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲಿನವು ಈ ಕೆಲಸಕ್ಕೆ ಇಟ್ಟವಲ್ಲ. ಪತ್ರ, ಪಟ್ಟಿ, ಪಾಠಕ್ಕೆ ಲಿಬ್ರೆ ಆಫೀಸ್ ಸಾಕು.

ಕನ್ನಡದ ಮಾತೇನು ಎಂಬ ಪ್ರಶ್ನೆ ನಮ್ಮದೇ. ಲಿನಕ್ಸ್‌ನ ಕೀಲಿಮಣೆ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಎಂದು ಹುಡುಕಿದರೆ ಕಗಪ ವಿನ್ಯಾಸ ಅಲ್ಲೇ ಇದೆ. ನುಡಿ ತಂತ್ರಾಂಶದಲ್ಲಿ ಕಲಿತ ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಲೋಹಿತ್, ನೋಟೋ, ಗುಬ್ಬಿ, ನವಿಲು ಅಕ್ಷರಶೈಲಿಗಳು ಉಚಿತವಾಗಿ ಸಿಗುತ್ತವೆ. ತೊಡಕು ಬರುವುದು ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಕಡತಗಳಲ್ಲಿ. ಆ ಫಾಂಟ್ ಇಲ್ಲದಿದ್ದರೆ ಅವು ಯಾವ ಯಂತ್ರದಲ್ಲಿಯೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದುಕೊಳ್ಳಬೇಕು. ಎಂದಾದರೂ ಮಾಡಲೇಬೇಕಾದ ಕೆಲಸ ಅದು.

ಜನಸಾಮಾನ್ಯರಿಗೆ ಲಿನಕ್ಸ್ ಒಗ್ಗದು ಎನ್ನುವವರು ಜರ್ಮನಿಯ ಮ್ಯೂನಿಕ್ ನಗರಾಡಳಿತವನ್ನು ತೋರಿಸುತ್ತಾರೆ. ಸುಮಾರು 15 ಸಾವಿರ ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದ ಆ ನಗರ 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಆದರೆ ಪಕ್ಕದ ಕೇರಳದ ಕಡೆಗೂ ಕಣ್ಣು ಹಾಯಿಸಬೇಕು. ಅಲ್ಲಿನ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಡಿಸ್ಟ್ರೋ ಸಿದ್ಧಪಡಿಸುತ್ತದೆ, ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಕಷ್ಟ ಲಿನಕ್ಸ್‌ನಲ್ಲಿಲ್ಲ, ಕೇಳಿದಾಗ ಹೇಳಿಕೊಡುವವರು ಹತ್ತಿರ ಇಲ್ಲದಿರುವುದರಲ್ಲಿದೆ. ನಮ್ಮ ಕಾಲೇಜುಗಳು, ಗ್ರಂಥಾಲಯಗಳು ತಿಂಗಳಿಗೊಂದು ದಿನ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಡುವ ಶಿಬಿರ ನಡೆಸಿದರೆ ಈ ಕೊರತೆ ನೀಗುತ್ತದೆ.

ಇಷ್ಟೆಲ್ಲ ವಾದ ಓದಿ ನಂಬಬೇಕಿಲ್ಲ, ಪರೀಕ್ಷಿಸಿ ನೋಡಬಹುದು. 8 ಜಿಬಿ ಪೆನ್‌ಡ್ರೈವ್ ಒಂದಕ್ಕೆ ಮಿಂಟ್ ಬರೆದು, ಅದರಿಂದಲೇ ಯಂತ್ರವನ್ನು ಆನ್ ಮಾಡಿ. ಒಳಗಿನ ಡಿಸ್ಕನ್ನು ಮುಟ್ಟದೆ ಲಿನಕ್ಸ್ ಪರದೆಯ ಮೇಲೆ ಬರುತ್ತದೆ. ವೈಫೈ ಹಿಡಿಯುತ್ತದೆಯೇ, ಸ್ಪೀಕರ್‌ನಲ್ಲಿ ಸದ್ದು ಬರುತ್ತದೆಯೇ, ಕ್ಯಾಮೆರಾ ತೆರೆಯುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ, ಪ್ರಿಂಟರ್ ಪುಟ ಹಾಕುತ್ತದೆಯೇ ಎಂದು ಒಂದೊಂದಾಗಿ ನೋಡಿ. ಹಳೆಯ ಮ್ಯಾಕ್‌ಬುಕ್‌ಗಳಲ್ಲಿ, ಬ್ರಾಡ್‌ಕಾಮ್ ವೈಫೈ ಇರುವ ಯಂತ್ರಗಳಲ್ಲಿ ಡ್ರೈವರ್ ಬೇರೆಯಾಗಿ ಹಾಕಬೇಕಾಗಿ ಬರಬಹುದು. ಪೆನ್‌ಡ್ರೈವ್‌ನಿಂದ ನಡೆಯುವಾಗ ವೇಗ ಕಡಿಮೆ ಇರುತ್ತದೆ, ಅದರಿಂದ ಅಳೆಯಬೇಡಿ. ಎಲ್ಲ ಸರಿ ಕಂಡರೆ ಫೋಟೋ, ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಂಡ ಮೇಲೆ, ನೆನಪಿರಲಿ, ಆಮೇಲಷ್ಟೇ ಇನ್‌ಸ್ಟಾಲ್ ಗುಂಡಿ ಒತ್ತಿ. ಆ ಗುಂಡಿ ಒತ್ತುವ ಮೊದಲೇ ಹಿಡಿಸದಿದ್ದರೆ ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಆನ್ ಮಾಡಿದರೆ ಎಲ್ಲ ಮೊದಲಿನಂತೆಯೇ. ಗುಜರಿಯವನ ತಕ್ಕಡಿಗೆ ಲ್ಯಾಪ್‌ಟಾಪ್ ಏರಿಸುವ ಮುನ್ನ ಅದಕ್ಕಾಗಿ ಒಂದು ಸಂಜೆ ಕೊಡಿ.